ಮಾವನ ಮನೆಯ ಬಾವಿಗೆ ಆಕ್ಸಿಜನ್

ಮನೆಗೆ ಹೊಸ ಥರ್ಮಾಮೀಟರ್ ಬಂದರೆ ಒಂದು ವಾರ ಮನೆಮಂದಿಗೆಲ್ಲ ಜ್ವರ. ಅಳೆಯುವ ಸಾಮಾನೊಂದು ಕೈಯಲ್ಲಿದ್ದರೆ ಮನುಷ್ಯ ಸುಮ್ಮನೆ ಕೂಡುವುದಿಲ್ಲ. ಕಂಡದ್ದನ್ನೆಲ್ಲ ಅಳೆಯುತ್ತಾನೆ, ಅಳೆದದ್ದನ್ನು ನಾಲ್ಕು ಜನಕ್ಕೆ ಕೇಳುವಂತೆ ಹೇಳುತ್ತಾನೆ. ಅಳೆಯುವುದರಿಂದ ಯಾರಿಗೂ ಕೇಡಿಲ್ಲ. ಹೇಳುವುದರಿಂದ ಏನಾಗುತ್ತದೆ ಎಂಬುದನ್ನು ನೆನೆದರೆ ಇವತ್ತಿಗೂ ನನ್ನ ಎದೆ ಧಸಕ್ಕೆನ್ನುತ್ತದೆ.

ಆಗ ನಾನು ಮುಧೋಳದ ಕಡೆ ಒಂದು ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿದ್ದೆ. ನೀರಿನಲ್ಲಿ ಕರಗಿದ ಆಕ್ಸಿಜನ್ ಎಷ್ಟಿದೆ ಎಂದು ಹೇಳುವ ಎಲೆಕ್ಟ್ರಾನಿಕ್ ಯಂತ್ರವೊಂದು ಹೊಸದಾಗಿ ಬಂದಿತ್ತು. ಊಟದ ಡಬ್ಬಿಯಷ್ಟು ಗಾತ್ರ, ಅದಕ್ಕೊಂದು ಉದ್ದನೆಯ ವೈರು, ವೈರಿನ ತುದಿಗೆ ಒಂದು ಕಡ್ಡಿ. ಕಡ್ಡಿಯನ್ನು ನೀರಿಗೆ ಅದ್ದಿದರೆ ಡಬ್ಬಿಯ ಮೇಲೆ ಕೆಂಪು ಅಂಕಿ ಮೂಡುತ್ತಿತ್ತು. ಅಲ್ಲಿಯವರೆಗೆ ಬಾಟಲಿ ಹಿಡಿದು, ಔಷಧ ಬೆರೆಸಿ, ಹನಿ ಹನಿ ಬಿಡುತ್ತ ಅರ್ಧ ದಿನ ಕಳೆಯುತ್ತಿದ್ದ ನನಗೆ ರಾಜ್ಯ ಸಿಕ್ಕಂತಾಯಿತು. ಬಾಯ್ಲರಿನ ನೀರು, ಕಾಲುವೆಯ ನೀರು, ಕೊನೆಗೆ ನನ್ನ ಆರಿದ ಚಹಾ, ಯಾವುದನ್ನೂ ಬಿಡಲಿಲ್ಲ.

ಒಂದು ಶನಿವಾರ ಹೊಳೆಯ ನೀರು ನೋಡಿ ಬರಲು ನನ್ನನ್ನು ಅನಗವಾಡಿಗೆ ಕಳಿಸಿದರು. ಅದು ನನ್ನ ಮಾವನ ಊರು. ಹೊಳೆಯ ಕೆಲಸ ಮುಗಿಸಿ ಡಬ್ಬಿಯೊಂದಿಗೆ ಊಟಕ್ಕೆ ಹೋದರೆ ಮನೆಯಲ್ಲಿ ಗಡಿಬಿಡಿಯೋ ಗಡಿಬಿಡಿ. ನನ್ನ ಹೆಂಡತಿ ಶಾಂತಾ ಆಗಲೇ ಬಂದು ಸೇರಿದ್ದಳು. ಮರುದಿನ ಅವಳ ತಂಗಿ ಕಸ್ತೂರಿಯನ್ನು ನೋಡಲು ಬನಹಟ್ಟಿಯಿಂದ ಗಂಡಿನವರು ಬರುವವರಿದ್ದರು. ಹಿಂದಿನ ಸಂಬಂಧ ಕೈಗೆ ಬಂದದ್ದು ಬಾಯಿಗೆ ಬರದಂತೆ ತಪ್ಪಿಹೋಗಿ ಅತ್ತೆ ಹಾಸಿಗೆ ಹಿಡಿದಿದ್ದರು; ಇದೂ ತಪ್ಪಿದರೆ ಅವರು ಏಳುವ ಮಾತಿಲ್ಲ. ನನ್ನ ಮಾವನ ಪೈಕಿಯವರಲ್ಲಿ ಒಂದು ಪದ್ಧತಿ. ಹುಡುಗಿ ಮನಸ್ಸಿಗೆ ಬಾರದಿದ್ದರೆ ಗಂಡಿನವರು ಆ ಮನೆಯ ನೀರು ಮುಟ್ಟುವುದಿಲ್ಲ. ತಂಬಿಗೆ ಎತ್ತಿ ಕುಡಿದರೆಂದರೆ ಒಪ್ಪಿಗೆ ಎಂದೇ ಅರ್ಥ.

ಊಟವಾದ ಮೇಲೆ ಕೈತೊಳೆಯಲು ಹಿತ್ತಲಿನ ಬಾವಿಯ ಹತ್ತಿರ ಹೋದೆ. ಬಾವಿ ಇತ್ತು, ಡಬ್ಬಿ ಇತ್ತು, ವೈರು ಉದ್ದವಿತ್ತು. ಕಡ್ಡಿ ಇಳಿಬಿಟ್ಟೆ. ಅಂಕಿ ನೋಡಿ ದಂಗಾದೆ. ಸೊನ್ನೆಯ ಅಕ್ಕಪಕ್ಕ! “ಅಯ್ಯಯ್ಯೋ, ಈ ಬಾವ್ಯಾಗ ಆಕ್ಸಿಜನ್ನ ಇಲ್ಲಲ್ಲ!” ಎಂದು ಒದರಿಬಿಟ್ಟೆ. ಆಳದ ಬಾವಿ, ನಿಂತ ನೀರು, ಹಾಗಿರುವುದು ಸಹಜ. ಕುಡಿಯುವವರಿಗೆ ಅದರಿಂದ ಏನೂ ಆಗುವುದಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಆದರೆ ಗೋಡೆಯಾಚೆ ಸಂಡಿಗೆ ಒಣಹಾಕುತ್ತಿದ್ದ ಕಾಶವ್ವನಿಗೆ ಗೊತ್ತಿರಲಿಲ್ಲ. ಆ ಊರಿಗೆ ಆಕ್ಸಿಜನ್ ಎಂದರೆ ಬಾಗಲಕೋಟೆಯ ದವಾಖಾನೆಯಲ್ಲಿ ಮೂಗಿಗೆ ಹಚ್ಚುವ ಸಿಲಿಂಡರು. ಅದನ್ನು ಹಚ್ಚಿಸಿಕೊಂಡು ತಿರುಗಿ ಬಂದವರನ್ನು ಅವರು ಕಂಡದ್ದು ಕಡಿಮೆ.

ಬೆಳಗಾಗುವುದರೊಳಗೆ ಜನ ‘ಮಾತಾಡಿಸಾಕ’ ಬರತೊಡಗಿದರು. ಜಡ್ಡಾದವರ ಮನೆಗೆ ಬರುವುದು ಹೇಗೋ ಹಾಗೆಯೇ. ಒಬ್ಬಾಕೆ ಸೆರಗಿನಲ್ಲಿ ಮೋಸಂಬಿ ತಂದಿದ್ದಳು. ಮುದುಕರೊಬ್ಬರು ರುಮಾಲು ತೆಗೆದು ಬಾವಿಯೊಳಗೆ ಇಣುಕಿ, “ಎಷ್ಟ ದಿನದಿಂದ ಹಿಂಗೈತ್ರೀ? ಎತ್ತಿ ಬಾಗಲಕೋಟಿಗೆ ಒಯ್ಯಾಕೂ ಬರೂದಿಲ್ಲ, ಅದ ತ್ರಾಸು” ಎಂದು ನಿಟ್ಟುಸಿರಿಟ್ಟರು.

“ಅದು ಮೀನಕ್ಕ ಬೇಕಾಗೂದ್ರೀ, ಮನುಷ್ಯಾರಿಗೆ ಅದರದೇನೂ ಅಡ್ಡಿ ಇಲ್ಲ” ಎಂದು ಅತ್ತೆಗೆ ತಿಳಿಸಿ ಹೇಳಿದೆ.

“ಮೀನಕ್ಕ ಆಗದ ನೀರು ಬೀಗರಿಗೆ ಹೆಂಗ ಕೊಡೂದ್ರೀ?” ಎಂದು ಅತ್ತೆ ಅಳತೊಡಗಿದರು.

“ಆ ಡಬ್ಬೀನ್ನ ಬಾವಿಗೆ ಒಗದಬಿಡ್ತೀನಿ ನೋಡ್ರಿ!” ಎಂದಳು ಶಾಂತಾ. ಮಾವ ಮಾತ್ರ ನನ್ನೊಂದಿಗೆ ಮಾತು ಬಿಟ್ಟಿದ್ದರು.

ಮಧ್ಯಾಹ್ನ ಗಂಡಿನವರು ಬಂದರು. ಕಸ್ತೂರಿ ತಲೆ ತಗ್ಗಿಸಿ ನೀರು ತಂದಿಟ್ಟಳು. ಹುಡುಗನ ಅಪ್ಪ ತಂಬಿಗೆಯೊಳಗೆ ನೋಡಿದರು, ಮುಟ್ಟಲಿಲ್ಲ. “ನಿಮ್ಮ ಬಾವಿಗೆ ಭಾಳ ಆರಾಮಿಲ್ಲಂತಲ್ರೀ? ಬಸ್ ಸ್ಟ್ಯಾಂಡಿನ್ಯಾಗ ಹೇಳಿದ್ರು” ಎಂದರು. ಅತ್ತೆಯ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ನನ್ನಿಂದ ಒಂದು ಹುಡುಗಿಯ ಬಾಳು ಹಾಳಾಯಿತಲ್ಲ ಎಂದುಕೊಂಡೆ.

ಅಷ್ಟರಲ್ಲಿ ಕಸ್ತೂರಿ ಮುಂದೆ ಬಂದು, ಬೀಗರ ಮುಂದಿನ ತಂಬಿಗೆ ಎತ್ತಿ, ಎಲ್ಲರೆದುರಿಗೆ ಗಟಗಟ ಕುಡಿದುಬಿಟ್ಟಳು! ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಕಸ್ತೂರಿ ತುಟಿ ಒರೆಸಿಕೊಂಡು, “ಹುಟ್ಟಿದಾಗಿಂದ ಇದ ನೀರು ಕುಡದೀನ್ರಿ. ನನಗೇನಾಗೇತಿ, ನೀವ ನೋಡಿ ಹೇಳ್ರಿ” ಎಂದಳು.

ಹುಡುಗ ಮೆಲ್ಲಗೆ ಕೈಚಾಚಿ, “ನನಗೂ ಒಂದ ತಂಬಗಿ ತರ್ರಿ” ಎಂದ. ತಂದದ್ದನ್ನು ಪೂರ್ತಿ ಕುಡಿದ. ಅವನ ಅಪ್ಪನೂ ಕುಡಿದರು. ಅತ್ತೆಯ ಅಳು ನಗುವಾಯಿತು.

ತಂಬಿಗೆ ಕೆಳಗಿಟ್ಟು ಬೀಗರು ನನ್ನನ್ನೂ ನನ್ನ ಡಬ್ಬಿಯನ್ನೂ ಒಮ್ಮೆ ನೋಡಿದರು. “ಹುಡುಗಿ ಪಸಂದ್, ನೀರೂ ಪಸಂದ್. ಒಂದ ಮಾತು ಕೇಳ್ತೀನಿ, ಬ್ಯಾಸರ ಮಾಡಬ್ಯಾಡ್ರಿ. ಈ ಅಳಿಯಂದ್ರು ಕಾಯಂ ಇಲ್ಲೇ ಇರ್ತಾರೋ, ಹಬ್ಬಕ್ಕಷ್ಟ ಬರ್ತಾರೋ?”

“ಹಬ್ಬಕ್ಕಷ್ಟ ರೀ, ಹಬ್ಬಕ್ಕಷ್ಟ!” ಎಂದು ಮಾವ ಎದ್ದುನಿಂತು ಹೇಳಿದರು.

ಲಗ್ನ ಛಲೋ ಆಯಿತು. ಮುಂದೆ ಪಂಚಮಿಗೆ ಕರೆಯಲು ಮಾವ ನಮ್ಮ ಮನೆಗೆ ಬಂದರು. ಉಂಡು, ಎಲೆಅಡಿಕೆ ಹಾಕಿಕೊಂಡು, ಹೊಸ್ತಿಲು ದಾಟಿದವರು ಮತ್ತೆ ತಿರುಗಿ ಬಂದು ನನ್ನ ಕಿವಿಯ ಹತ್ತಿರ ಬಗ್ಗಿ, “ಅಳಿಯಂದ್ರೇ, ಬರೂವಾಗ ಬರಿಗೈಲೆ ಬರ್ರಿ” ಎಂದರು. ಅಳಿಯನಿಗೆ ಬರಿಗೈಯಲ್ಲಿ ಬಾ ಎಂದು ಬೇಡಿಕೊಂಡ ಮಾವ ಈ ಸೀಮೆಯಲ್ಲಿ ಇನ್ನೊಬ್ಬನಿದ್ದರೆ ನನಗೆ ತೋರಿಸಿ.