ಕೆಂಪು ಗುಂಡಿ ಮತ್ತು ನಮ್ಮ ಅತ್ತೆ

ನಮ್ಮ ಅತ್ತೆ ಸೊಳ್ಳೆ ಹೊಡೆಯಬೇಕಾದರೂ ಪಕ್ಕದವರನ್ನು ಒಂದು ಮಾತು ಕೇಳಿಯೇ ಹೊಡೆಯುವುದು! ಅಷ್ಟರಲ್ಲಿ ಸೊಳ್ಳೆ ಊಟ ಮುಗಿಸಿ ಎದ್ದು ಹೋಗಿರುತ್ತದೆ, ಅದು ಬೇರೆ ವಿಷಯ.

ಅತ್ತೆ ಎಂದರೆ ಅಪ್ಪನ ಅಕ್ಕ. ಚಳ್ಳಕೆರೆಯ ಶೇಂಗಾ ಮಿಲ್ಲೊಂದರಲ್ಲಿ ಇಪ್ಪತ್ತು ವರ್ಷದಿಂದ ಬೀಜ ಆರಿಸುತ್ತಿದ್ದಾರೆ. ನಾನು ಅಲ್ಲೇ ಕಾಯಿ ಸುಲಿಯುವ ಮಿಷನ್ನಿಗೆ ಸೇರಿ ಹೋದ ವರ್ಷ ಆರೇ ತಿಂಗಳಾಗಿತ್ತು. ಆದರೂ ಮಿಷನ್ನಿನ ಜಾತಕವೆಲ್ಲ ನನಗೆ ಬಾಯಿಪಾಠ ಎಂದುಕೊಂಡಿದ್ದೆ!

ಆಗ ಮಿಲ್ಲಿನ ಸಾಹುಕಾರರು ನಮಗೆ ಎರಡು ದಿನದ ತರಬೇತಿ ಕೊಡಿಸಿದರು. ಪಾಠ ಹೇಳಲು ಬಂದ ಮೇಡಂ ಮೊದಲಿಗೇ ಕೇಳಿದರು: "ಏನಾದ್ರೂ ಅನಾಹುತ ಆದ್ರೆ ಮಿಷನ್ ಯಾರು ನಿಲ್ಲಿಸ್ತೀರಿ?"

ಗಂಡಸರ ಕೈಗಳೆಲ್ಲ ಮೇಲೆ! ನನ್ನದಂತೂ ಎರಡೂ. ಹೆಂಗಸರು ಮುಖ ಮುಖ ನೋಡಿಕೊಂಡರು. ಅತ್ತೆ ಮೆಲ್ಲಗೆ ಎದ್ದು, "ಸಾಹುಕಾರ್‍ರನ್ನ ಕೇಳಿ ನಿಲ್ಲಿಸ್ತೀನ್ರಿ" ಎಂದರು.

"ಅವ್ರು ರಾಂಪುರಕ್ಕೆ ಹೋಗಿದ್ರೆ?"

"ಬರೋತನಕ ಕಾಯ್ತೀನ್ರಿ!"

ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಮೇಡಂ ನಗಲಿಲ್ಲ. ಮಿಷನ್ ನಿಲ್ಲಿಸಲು ಗೋಡೆಯ ಮೇಲಿದ್ದ ಕೆಂಪು ಗುಂಡಿಯನ್ನು ಎಲ್ಲರೂ ಒತ್ತಿ ನೋಡಿ ಎಂದರು. ಗಂಡಸರಿಗೆ ಇದೆಲ್ಲ ಯಾಕೆ? ನಾವು ಚಹಾಕ್ಕೆ ಹೋದೆವು. ಹೆಂಗಸರು ಸಾಲಾಗಿ ನಿಂತರು. ಅತ್ತೆಯ ಸರದಿ ಬಂದಾಗ ಗುಂಡಿಗೊಂದು ನಮಸ್ಕಾರ ಹಾಕಿ, "ಒತ್ಲಾ ಮೇಡಂ?" ಎಂದರಂತೆ.

"ನನ್ನ ಕೇಳಬೇಡಿ ಅಮ್ಮಾ."

"ಮತ್ಯಾರನ್ನ ಕೇಳ್ಲಿ?"

ಆಮೇಲೆ ದನಿ ತಗ್ಗಿಸಿ ಹೇಳಿದರಂತೆ: "ಹಿಂದೆ ಒಂದ್ಸಲ ನಿಲ್ಸಿದ್ದೆ ಮೇಡಂ. ಬೆಲ್ಟ್ ಕಿತ್ತೋಗ್ತಿತ್ತು. ಮಿಷನ್ ಉಳೀತು ಅಂತ ಯಾರೂ ಅನ್ಲಿಲ್ಲ. ಕೆಲ್ಸ ಕೆಡಿಸಿದ್ಲು ಅಂತ ಮೂರು ದಿನ ಬೈದ್ರು."

ಮೇಡಂ ಅತ್ತೆಯ ಕೈ ಹಿಡಿದು ಗುಂಡಿಯ ಮೇಲಿಟ್ಟರಂತೆ. ಅತ್ತೆ ಅವತ್ತು ಏಳು ಸಲ ಒತ್ತಿದರಂತೆ.

ಹದಿನೈದು ದಿನ ಕಳೆದಿತ್ತು. ಮಿಷನ್ನಿನೊಳಗೆ ಸಿಪ್ಪೆ ಕಟ್ಟಿಕೊಂಡಿತು. ನಿಲ್ಲಿಸುವುದೇಕೆ, ನಾನಿಲ್ಲವೇ? ಓಡುತ್ತಿರುವಾಗಲೇ ಕೈ ಹಾಕಿದೆ. ಅಂಗಿಯ ತೋಳು ಬೆಲ್ಟಿಗೆ ಸಿಕ್ಕಿತು. ಕೆಂಪು ಗುಂಡಿ ನಾಲ್ಕು ಮಾರು ದೂರ, ಬೀಜ ಆರಿಸುವವರ ಹಿಂದಿನ ಗೋಡೆಯ ಮೇಲೆ! "ಅತ್ತೇ" ಎಂದು ನಾನು ಕೂಗಿ ಮುಗಿಸುವ ಮೊದಲೇ ಮಿಷನ್ ನಿಂತಿತ್ತು.

ಸಾಹುಕಾರರು ಓಡಿ ಬಂದರು. "ಯಾರು ನಿಲ್ಸಿದ್ದು?"

"ನಾನ್ರೀ" ಎಂದರು ಅತ್ತೆ. ಕೈ ಇನ್ನೂ ಗುಂಡಿಯ ಮೇಲೇ ಇತ್ತು.

ಸಾಹುಕಾರರು ಅಂಗಿಯ ಹರಿದ ತೋಳು ನೋಡಿದರು, ನನ್ನನ್ನು ನೋಡಿದರು, ಬಂದ ದಾರಿಯಲ್ಲೇ ಹಿಂತಿರುಗಿದರು.

ಅತ್ತೆ ನನ್ನನ್ನು ಚೀಲದ ರಾಶಿಯ ಮೇಲೆ ಕೂರಿಸಿ, ನನ್ನ ಕೈ ತಮ್ಮ ಮಡಿಲಿಗೆ ಎಳೆದುಕೊಂಡರು. ಕಿರುಬೆರಳಿನಿಂದ ಹೆಬ್ಬೆರಳಿನವರೆಗೆ ಒಂದೊಂದನ್ನೇ ಮುಟ್ಟಿ ನೋಡಿದರು. ಐದೂ ಇದ್ದವು. ಕಣ್ಣೊರೆಸಿಕೊಂಡು, ಮತ್ತೆ ಕಿರುಬೆರಳಿನಿಂದ ಶುರು ಮಾಡಿದರು.