ಅತ್ತೆಯ ಪಾಸ್‌ವಾರ್ಡು

ನಮ್ಮತ್ತೆ ಇನ್ನೂ ಜೈಲಿಗೆ ಹೋಗಿಲ್ಲ. ಹಾಗೆಂದು ಅವರ ಕಡೆಯಿಂದ ಪ್ರಯತ್ನದಲ್ಲಿ ಕೊರತೆಯಿತ್ತು ಎಂದು ಯಾರೂ ತಿಳಿಯಬಾರದು!

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಬೀದರದಲ್ಲಿ ನರ್ಸಾಗಿ ದುಡಿದು ನಿವೃತ್ತರಾದವರು. ನಿವೃತ್ತಿಯ ಆದೇಶ ಅವರ ಕಾಲುಗಳಿಗೆ ಮಾತ್ರ ಇನ್ನೂ ತಲುಪಿಲ್ಲ. ಚರ್ಚಿನಲ್ಲಿ ಪಾದ್ರಿಗಳು ಕುಳಿತುಕೊಳ್ಳಿ ಎಂದರೂ ಇವರು ನಿಂತೇ ಯಾರ ಕಾಲು ಬಾತಿದೆ, ಯಾರ ಮುಖ ಬಿಳಿಚಿದೆ ಎಂದು ನೋಡುತ್ತಿರುತ್ತಾರೆ. ಇಂಥವರು ಮನೆಯಲ್ಲಿ ತುಸು ಕುಳಿತಿರಲಿ ಎಂದು ಟಿವಿಗೆ ಸಿನಿಮಾ ಆ್ಯಪ್ ಹಾಕಿಸಿಕೊಟ್ಟವಳು ನಾನೇ. ಯಾರ ತಪ್ಪು ಎಂದು ನೀವು ಕೇಳುವ ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಅತ್ತೆ ಒಂದು ಸಿನಿಮಾವನ್ನೂ ಪೂರ್ತಿ ನೋಡಲಿಲ್ಲ. ಅವರ ಕಣ್ಣು ಬಿದ್ದದ್ದು ಪಾಸ್‌ವರ್ಡಿನ ಮೇಲೆ. ಅದಕ್ಕೆ ಅವರು ‘ಪಾಸ್‌ವಾರ್ಡು’ ಎನ್ನುತ್ತಾರೆ. ವಾರ್ಡು ಎಂದ ಮೇಲೆ ಅದರಲ್ಲಿ ಒಬ್ಬರೇ ಇರಲು ಸಾಧ್ಯವೇ? ತರಕಾರಿಯವಳಿಗೆ ಕೊಟ್ಟರು, ಆಟೋದವರಿಗೆ ಕೊಟ್ಟರು, ಬಿಪಿ ನೋಡಿಸಿಕೊಳ್ಳಲು ಬಂದವರಿಗೆ ಮಾತ್ರೆಯ ಚೀಟಿಯ ಹಿಂದೆ ಬರೆದುಕೊಟ್ಟರು.

ಇದಕ್ಕೆಲ್ಲ ಕಳಶವಿಟ್ಟದ್ದು ಔರಾದದ ಮದುವೆ. ಆಸ್ಪತ್ರೆಯಲ್ಲಿ ಅತ್ತೆಯ ಜೊತೆಗಿದ್ದ ಆಯಾ ಒಬ್ಬಳ ಮಗಳ ಮದುವೆ ಅದು. ನಮ್ಮ ಕಡೆ ಮದುವೆಯ ಉಡುಗೊರೆಗೆ ಆಯೇರಿ ಎನ್ನುತ್ತಾರೆ. ಯಾರು ಏನು ಆಯೇರಿ ಮಾಡಿದರೆಂದು ಮೈಕಿನಲ್ಲಿ ಕೂಗಿ ಹೇಳದಿದ್ದರೆ ಕೊಟ್ಟವರಿಗೂ ಸಮಾಧಾನವಿಲ್ಲ, ಪಡೆದವರಿಗೂ ಇಲ್ಲ. ಅತ್ತೆ ಕೊಟ್ಟದ್ದು ಒಂದು ಲಕೋಟೆ. ಮೈಕ್ ಹಿಡಿದ ಹಿರಿಯರು ಅದನ್ನು ಹರಿದು, ಕನ್ನಡಕ ಸರಿಮಾಡಿಕೊಂಡು, ಒಳಗಿದ್ದುದನ್ನು ನಿಷ್ಠೆಯಿಂದ ಓದಿದರು. ಮೊದಲು ಅತ್ತೆಯ ಫೋನ್ ನಂಬರು. ಆಮೇಲೆ, “ಬೀದರದ ಸಿಸ್ಟರಮ್ಮನೋರ ಕಡಿಂದ ಮದುಮಕ್ಕಳಿಗಿ ಪಾಸ್‌ವಾರ್ಡ್ ಆಯೇರಿ. ದೊಡ್ಡ ಎಸ್, ಸಣ್ಣ ಐ...” ಎಂದು ಕೊನೆಯ ಸೊನ್ನೆಯವರೆಗೆ. ಮಂಟಪವೆಲ್ಲ ಪೆನ್ನು ಹುಡುಕಿತು. ಪಂಕ್ತಿಯಲ್ಲಿ ಉಣ್ಣುತ್ತಿದ್ದವರೂ ಎಡಗೈಯಲ್ಲಿ ಬರೆದುಕೊಂಡರು.

ಆದರೆ ಆ ಆ್ಯಪ್ ಒಮ್ಮೆಗೆ ನಾಲ್ಕೇ ಟಿವಿಯಲ್ಲಿ ನಡೆಯುತ್ತದೆ. ಇದಕ್ಕೆಲ್ಲ ಅತ್ತೆ ಹೆದರುವರೇ? ಶಿಫ್ಟ್ ಡ್ಯೂಟಿ ಹಾಕಿದರು! ಔರಾದದವರಿಗೆ ಬೆಳಿಗ್ಗೆ, ಸಾಯಗಾಂವದ ನೆಂಟರಿಗೆ ಮಧ್ಯಾಹ್ನ, ಬೀದರದವರಿಗೆ ಸಂಜೆ. ಯಾರು ಎಲ್ಲಿಯವರೆಗೆ ನೋಡಿದ್ದಾರೆಂಬುದು ತೆರೆಯ ಮೇಲೆ ಕಾಣುತ್ತದಲ್ಲ, ದಿನವೂ ಅದನ್ನು ನೋಡಿ ರೌಂಡ್ಸ್ ಹೊರಡುತ್ತಿದ್ದರು, ಫೋನಿನಲ್ಲಿ.

“ಯಾಕ್ರಿ, ನಿನ್ನಿ ಸಿನಿಮಾ ಅರ್ಧಕ್ಕ ಬಿಟ್ಟೀರಿ. ಕರೆಂಟ್ ಹೋಯ್ತೋ, ಎದಿ ನೋವೋ?”

ಶಿಫ್ಟಿಲ್ಲದ ಟಿವಿ ಒಂದೇ, ಭಾಲ್ಕಿಯದು. ಅದು ನಮ್ಮ ಅಪ್ಪನ ಮನೆಯದು. ಅಜ್ಜಿಯ ಕೊನೆಯ ದಿನ ಆಸ್ಪತ್ರೆಗೆ ಒಯ್ಯಬೇಕು ಎಂದು ಅತ್ತೆ, ಮನೆಯಲ್ಲೇ ಇರಲಿ ಎಂದು ಅಪ್ಪ. ಒಯ್ದರು. ಅಜ್ಜಿ ದಾರಿಯಲ್ಲೇ ಹೋದಳು. ಅಂದು ಅಕ್ಕ ತಮ್ಮ ಆಡಬಾರದ ಮಾತು ಆಡಿಕೊಂಡವರು ನಾಲ್ಕು ವರ್ಷವಾದರೂ ಮತ್ತೆ ಮಾತಾಡಿರಲಿಲ್ಲ. ಪಾಸ್‌ವರ್ಡನ್ನು ಅಪ್ಪನ ಟಿವಿಗೆ ನಾನೇ ಹಾಕಿಕೊಟ್ಟಿದ್ದೆ. “ಇದು ಯಾರದಂತ ನಾ ಕೇಳಿಲ್ಲ, ನೀ ಹೇಳಬ್ಯಾಡ” ಎಂದಿದ್ದರು ಅಪ್ಪ. ರೌಂಡ್ಸಿನ ಫೋನು ಅಪ್ಪನಿಗೆ ಮಾತ್ರ ಹೋಗುತ್ತಿರಲಿಲ್ಲ; ಅವರು ಏನಾದರೂ ನೋಡಿದ್ದು ಕಂಡ ದಿನ ಅತ್ತೆ “ಆರಾಮ ಅದಾನ” ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು.

ಹೀಗಿರುವಾಗ, ಪಾಸ್‌ವರ್ಡ್ ಹಂಚುವುದು ಅಪರಾಧವಂತೆ ಎಂದು ಚರ್ಚಿನ ಬಾಗಿಲಲ್ಲಿ ಯಾರೋ ಅಂದುಬಿಟ್ಟರು. ಮುಗಿಯಿತು. ಅತ್ತೆಗೆ ನಿಂತಲ್ಲಿ ನಿಲ್ಲಲಾಗದು. ಒಂದು ಸೀರೆ, ಬೈಬಲ್ಲು, ಬಿಪಿ ಮಾತ್ರೆ ಚೀಲಕ್ಕೆ ತುಂಬಿ ನನ್ನ ಸ್ಕೂಟಿಯ ಹಿಂದೆ ಕುಳಿತರು. ಠಾಣೆಗೆ ಹೊರಟವರನ್ನು ನಾನು ಹೇಗೋ ವಕೀಲರ ಮನೆಗೆ ತಿರುಗಿಸಿದೆ.

ವಕೀಲರು ಸಮಾಧಾನದ ಮನುಷ್ಯ. “ಇಲ್ಲಿ ಕೇಳ್ರಿ ಸಿಸ್ಟರ್. ಬ್ಯಾರೆ ಮಂದಿದು ಪಾಸ್‌ವರ್ಡ್ ಮೋಸದಿಂದ ಬಳಸಿದ್ರ ಅದು ಗುನ್ಹೆ, ಜೈಲಾಗ್ತದ. ನಿಮ್ಮದು ನೀವೇ ಕೊಟ್ರ, ಕಂಪನಿ ಜೋಡಿ ಮಾಡಿದ ಕರಾರು ಮುರದಂಗ. ಅವರು ಬಂದ್ ಮಾಡಬಹುದು. ಅಷ್ಟಕ್ಕೇ ಸೀದಾ ಜೈಲು ಅನ್ನಲಾಕ ಬರಂಗಿಲ್ಲ. ಯಾರ್‍ಯಾರಿಗಿ ಕೊಟ್ಟೀರಿ?”

“ಔರಾದಕ್ಕರಿ.”

“ಔರಾದದಾಗ ಯಾರಿಗಿ?”

“ಅದೇ ಹೇಳ್ಲಾಕತ್ತೀನಲ್ರಿ, ಔರಾದಕ್ಕ.”

ವಕೀಲರು ಪೆನ್ನು ಕೆಳಗಿಟ್ಟರು. “ಇವತ್ತೇ ಬದಲಿ ಮಾಡ್ರಿ. ಮನಿಯವರಿಗಷ್ಟೇ ಇರ್ಲಿ.”

“ಮನಿಯವರು ಅಂದ್ರ ಯಾರ್ರಿ? ಮಾತಾಡಲಾರದ ತಮ್ಮ ಬರ್ತಾನೇನು ಅದರಾಗ?”

ವಕೀಲರು ಕಾನೂನಿನ ಪುಸ್ತಕದ ಕಡೆ ನೋಡಿದರು, ನನ್ನ ಕಡೆ ನೋಡಿದರು. ಕೊನೆಗೆ ಒಳಗೆ ತಿರುಗಿ ಚಹಾ ತರಲು ಹೇಳಿದರು.

ಮನೆಗೆ ಬಂದ ಮೇಲೆ ಅತ್ತೆ ಅಡುಗೆಮನೆಯಿಂದ ಅಂಗಳಕ್ಕೆ, ಅಂಗಳದಿಂದ ಅಡುಗೆಮನೆಗೆ ಎಷ್ಟು ಸಲ ತಿರುಗಿದರೋ. ಕೊನೆಗೆ ನನ್ನ ಮುಂದೆ ನಿಂತರು.

“ಬದಲಿ ಮಾಡಿದ್ರ ನಿಮ್ಮಪ್ಪ ಹೊಸಾದು ಕೇಳಬೇಕಾಗ್ತದ. ಕೇಳ್ತಾನಂತೀ?”

ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ನಮ್ಮಪ್ಪ ಕೇಳುವ ಜಾತಿಯವರಲ್ಲ.

“ಹೊಸಾದು ನೀ ಅವನಿಗಿ ಹೇಳಬ್ಯಾಡ ಮತ್ತ” ಎಂದು ಅತ್ತೆ ನನ್ನೆದುರಿಗೇ ತಾವೇ ಬದಲಾಯಿಸಿದರು.

ಮರುದಿನದಿಂದ ಫೋನೋ ಫೋನು. ಔರಾದದವರು ಕೇಳಿದರು, ಸಾಯಗಾಂವದವರು ಬೇಡಿಕೊಂಡರು. ಎಲ್ಲರಿಗೂ ಅತ್ತೆ ಕಾನೂನು ಹೇಳಿ ಇಟ್ಟುಬಿಡುತ್ತಿದ್ದರು. ಪ್ರತಿ ಸಲವೂ ಎತ್ತುವ ಮೊದಲು ಹೆಸರು ನೋಡುವುದು, ಆ ಹೆಸರಲ್ಲವೆಂದು ಮುಖ ಇಳಿಯುವುದು. ಪ್ರಾರ್ಥನೆಗೂ ಫೋನು, ಬಚ್ಚಲಿಗೂ ಫೋನು. ಅನ್ನ ಸರಿಯಾಗಿ ಸೇರಲಿಲ್ಲ. ಬದಲಾಯಿಸಬಾರದಿತ್ತು ಎಂದು ನನಗೇ ಸಂಕಟವಾಯಿತು.

ಐದನೆಯ ದಿನ ಮಧ್ಯಾಹ್ನ ಭಾಲ್ಕಿಯಿಂದ ಬಂತು. ಎತ್ತುವ ಅವಸರದಲ್ಲಿ ಅತ್ತೆ ಸ್ಪೀಕರ್ ಒತ್ತಿಬಿಟ್ಟರು.

“ಅಕ್ಕಾ,” ಎಂದಿತು ಅಪ್ಪನ ದನಿ. “ಟಿವಿ ಹತ್ತವಲ್ದು.”

“ಬಿಪಿ ಗುಳಿಗಿ ತೊಗೊಳ್ಲಾಕತ್ತೀಯೋ ಇಲ್ಲೋ?”

“ತೊಗೊಳ್ತೇನಿ.”

“ಬರಕೋ.” ಕಾನೂನು ಗೀನೂನು ಏನೂ ಇಲ್ಲದೆ ಅತ್ತೆ ನಿಧಾನವಾಗಿ ಎಲ್ಲವನ್ನೂ ಹೇಳಿ ಫೋನ್ ಇಟ್ಟರು. ನನಗೆ ಹೇಳದೆ ಇರಲಾಗಲಿಲ್ಲ.

“ಅತ್ತಿ, ಕಡೀ ಅಂಕಿ ತಪ್ಪು ಹೇಳಿದ್ರಿ.”

“ಗೊತ್ತದ” ಎಂದರು ಅತ್ತೆ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. “ಮತ್ತ ಫೋನ್ ಮಾಡ್ತಾನ.”