ಗೇರ್ ನಾನೇ ಹಾಕ್ತೆ

ತಾನಾಗಿಯೇ ಗೇರ್ ಬದಲಿಸುವ ಕಾರು ಕೊಂಡು, ಒಂದು ದಿನವೂ ಅದಕ್ಕೆ ಗೇರ್ ಬದಲಿಸಲು ಬಿಡದ ಮನುಷ್ಯ ಜಗತ್ತಿನಲ್ಲಿ ಒಬ್ಬರೇ ಇದ್ದರೆ, ಅವರು ನನ್ನ ಸೋದರಮಾವ!

ಕುಂದಾಪುರದಲ್ಲಿ ಆಯುಷ್ಯವೆಲ್ಲ ಅಂಬಾಸಿಡರ್ ಟ್ಯಾಕ್ಸಿ ಓಡಿಸಿದವರು. ಎಡಮಂಡಿ ಸವೆದು ಕ್ಲಚ್ ತುಳಿಯಲಾಗದೆ ಹೋದಾಗ ಡಾಕ್ಟರು ಡ್ರೈವಿಂಗ್ ಬಿಡಿ ಎಂದರು. ಮಾವ ಬಿಟ್ಟದ್ದು ಆ ಡಾಕ್ಟರನ್ನು. ಕ್ಲಚ್ಚೇ ಇಲ್ಲದ ಹಳೆಯ ಆಟೊಮ್ಯಾಟಿಕ್ ಕಾರೊಂದನ್ನು ಹುಡುಕಿ ತಂದರು. ಅದರ ಸ್ಟೇರಿಂಗಿನ ಹಿಂದೆ ಕಿವಿಯಂಥ ಎರಡು ಪ್ಯಾಡಲ್. ಬಲಗಡೆಯದನ್ನು ಎಳೆದರೆ ಗೇರ್ ಏರುತ್ತದೆ, ಎಡಗಡೆಯದನ್ನು ಎಳೆದರೆ ಇಳಿಯುತ್ತದೆ. ಬೇಕಾದರೆ ಎಳೆಯಿರಿ, ಬೇಡವಾದರೆ ಕಾರೇ ನೋಡಿಕೊಳ್ಳುತ್ತದೆ ಎಂದು ಮಾರಿದವರು ಹೇಳಿದ್ದರು. ಎರಡನೆಯ ಮಾತು ಮಾವನ ಕಿವಿಗೆ ಬಿದ್ದೇ ಇಲ್ಲ!

ಕೋಟೇಶ್ವರಕ್ಕೆ ತರಕಾರಿಗೆ ಹೋಗಿ ಬರುವುದರೊಳಗೆ ಎಂಜಿನ್ ಒಮ್ಮೆ ಗುರುಗುಟ್ಟಿ, ಒಮ್ಮೆ ನರಳಿ ಸಾಕಾಗುತ್ತಿತ್ತು. ಪೆಟ್ರೋಲ್ ಸುಮ್ಮನೆ ಹೆಚ್ಚು ಕುಡಿಯುತ್ತದೆ ಎಂದು ಗ್ಯಾರೇಜಿನವರು ಹೇಳಿದರೆ, ದುಡಿಯುವ ಗಾಡಿ ಕುಡಿಯಲಿ ಬಿಡಿ ಎಂದರು. ನಾನೂ ಒಮ್ಮೆ ಬುದ್ಧಿ ಹೇಳಲು ಹೋದೆ.

"ದಾರಿ ಕಂಡದ್ ನಾನ್. ಕಾರಿಂಗೆ ಎಂತ ಗೊತ್ತಿತ್ತ್? ಗೇರ್ ನಾನೇ ಹಾಕ್ತೆ."

ಇಂಥವರಿಗೆ ಏನು ಹೇಳುವುದು? ಪಕ್ಕದ ಸೀಟಿನ ಅತ್ತೆಯಾದರೂ ಗದರಿಸಬಹುದಿತ್ತು. ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಕಳೆದುಕೊಂಡಿದ್ದ ಅವರು, ಮಾವ ಗೇರ್ ಬದಲಿಸಿದಾಗಲೆಲ್ಲ ಸಣ್ಣಗೆ ತಲೆಯಾಡಿಸುತ್ತಿದ್ದರು, ಅಷ್ಟೆ.

ಮಾವ ಅಂಗಳದಲ್ಲಿ ಜಾರಿ ಕೈಗೆ ಪಟ್ಟಿ ಕಟ್ಟಿಸಿಕೊಂಡ ವಾರ, ಅತ್ತೆಯನ್ನು ಶಿರೂರಿನ ತವರಿಗೆ ಕರೆದೊಯ್ಯುವ ಕೆಲಸ ನನಗೆ ಬಂತು. ಮಾವ ಹಿಂದಿನ ಸೀಟಿನಲ್ಲಿ ಮುಖ ಊದಿಸಿಕೊಂಡು ಕೂತರು. ನಾನು ಗಾಜು ಏರಿಸಿ, ಎಸಿ ಹಾಕಿ, ಗೇರಿನ ಉಸಾಬರಿ ಕಾರಿಗೇ ಬಿಟ್ಟೆ. ಎಷ್ಟು ನುಣ್ಣಗೆ ಓಡಿತು ಅಂತೀರಿ! ಮಾವನಿಗೆ ಸರಿಯಾದ ಪಾಠ ಎಂದು ಒಳಗೊಳಗೇ ಹಿಗ್ಗಿದೆ.

ಬೈಂದೂರು ದಾಟಿ, ಒತ್ತಿನೆಣೆ ಗುಡ್ಡದ ಏರಿನ ಬುಡದಲ್ಲಿ ನೋಡಿದರೆ ಅತ್ತೆ ಬಾಗಿಲ ಹಿಡಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದಾರೆ. ಮುಖ ಬಿಳುಚಿದೆ.

"ಕಾರ್ ಎಲ್ಲಿಗ್ ಬಂತ್ ಮಗಾ? ಒಂದೂ ಗೇರಿನ ಸದ್ದ್ ಕೇಂತಿಲ್ಲ."

ಆಗಲೇ ನನಗೆ ಹೊಳೆದದ್ದು. ಮದುವೆಯಾದಂದಿನಿಂದ ಮಾವನ ಪಕ್ಕದಲ್ಲೇ ಕೂತು ಓಡಾಡಿದ ದಾರಿ. ಯಾವ ತಿರುವಿಗೆ, ಯಾವ ಏರಿಗೆ ಯಾವ ಗೇರ್ ಎಂಬುದು ಅವರಿಗೆ ಬಾಯಿಪಾಠ. ಕಣ್ಣು ಹೋದ ಮೇಲೆ ಊರುಗಳು ಅವರಿಗೆ ಸಿಗುತ್ತಿದ್ದುದು ಆ ಸದ್ದಿನಲ್ಲೇ.

ಹಿಂದಿನಿಂದ ಮಾವ ಮೆಲ್ಲಗೆ ನನ್ನ ಭುಜ ಮುಟ್ಟಿದರು. "ಎಡಬದಿದ್ ಎಳಿ ಮಾರಾಯ."

ಎಳೆದೆ. ಎಂಜಿನ್ ಗುರುಗುಟ್ಟಿ ಏರು ಹತ್ತತೊಡಗಿತು.

"ಹಾಂ, ಒತ್ತಿನೆಣೆ," ಎಂದು ಅತ್ತೆ ಹಿಡಿಯಿಂದ ಕೈ ತೆಗೆದರು.